ಮನೆ ಬಿಡಲೊಪ್ಪದ ಮಾರ್ತಮ್ಮ: ಒಂದು ಸಭೆಯ ಸ್ತ್ರೀ ಸಮಾಜದ ಪ್ರಕರಣ ಅಧ್ಯಯನ

ಹಿನ್ನೆಲೆ

ಕಲ್ಯಾಣ ಕರ್ನಾಟಕದಲ್ಲಿ ತೊಗರಿ ಬೆಳೆಯುವ ಒಂದು ತಾಲ್ಲೂಕಿನ ಪ್ರೊಟೆಸ್ಟಂಟ್ ಸಭೆಯ, ಅಂದರೆ ಒಂದು ಚರ್ಚಿನ ಸಮುದಾಯದ, ಸಂಗತಿ ಇದು. ಊರು, ಸಭೆ, ಜನರ ಹೆಸರು ಬದಲಿಸಿದೆ. ಗುರುತು ಹತ್ತದಿರಲೆಂದು ಇಂಥವೇ ಬೇರೆ ಸಭೆಗಳ ಕೆಲವು ವಿವರಗಳೂ ಇದರಲ್ಲಿ ಬೆರೆತಿವೆ. ನಡುವಿನ ಹೆಣ್ಣುಮಗಳನ್ನು ಮಾರ್ತಮ್ಮ ಎಂದು ಕರೆಯೋಣ.

ಸಭೆಯಲ್ಲಿ ನೂರಕ್ಕೂ ಹೆಚ್ಚು ಕುಟುಂಬಗಳಿವೆ. ಬಹುಪಾಲು ಮುತ್ತಜ್ಜಂದಿರ ಕಾಲದಲ್ಲಿ ಕ್ರೈಸ್ತರಾದ ದಲಿತ ಮನೆತನಗಳು. ಗಂಡಸರಿಗೆ ಎಪಿಎಂಸಿಯಲ್ಲಿ ಹಮಾಲಿ ಕೆಲಸ, ಇಲ್ಲವೇ ಗೌಂಡಿ ಕೆಲಸ. ಹೆಂಗಸರಿಗೆ ಹೊಲದ ಕೂಲಿ, ಪುರಸಭೆಯ ಸ್ವಚ್ಛತೆ ಕೆಲಸ. ನಾಲ್ಕಾರು ಮನೆಗಳಲ್ಲಿ ಶಿಕ್ಷಕರು, ನರ್ಸ್‌ಗಳು ಇದ್ದಾರೆ. ಆರಾಧನೆಗೆ ಹೆಂಗಸರೇ ಹೆಚ್ಚು ಬರುತ್ತಾರೆ, ಸಭಾ ಕಮಿಟಿಯಲ್ಲಿ ಇದ್ದದ್ದು ಮಾತ್ರ ಒಬ್ಬಾಕೆ.

ಮಾರ್ತಮ್ಮನಿಗೆ ಮೂವತ್ತೈದರ ಆಸುಪಾಸು. ಎಂಟನೆಯ ತರಗತಿಯ ಮಗಳು, ಅವಳಿಗಿಂತ ಚಿಕ್ಕವನೊಬ್ಬ ಮಗ. ಗಂಡ ಹಮಾಲಿ. ಒಳ್ಳೆಯ ತಬಲಾ ಕೈ, ಭಾನುವಾರದ ಹಾಡುಗಳಿಗೆ ಅವನೇ ಬಾರಿಸಬೇಕು. ತೀರಿಹೋದ ಮಾವ ಸಭೆಯ ಹಿರಿಯರಾಗಿದ್ದರು. ಮನೆ ಅತ್ತೆಯ ಹೆಸರಿನಲ್ಲಿದೆ. ಗಂಡ ಕುಡಿದು ಹೊಡೆಯುವುದು ಮದುವೆಯಾದ ಮೂರನೆಯ ವರ್ಷದಿಂದಲೂ ಇತ್ತು. ಇತ್ತೀಚೆಗೆ ಅದಕ್ಕೊಂದು ಲಯ ಬಂದಿತ್ತು. ಮೈಕ್ರೋಫೈನಾನ್ಸ್ ಗುಂಪಿನ ವಾರದ ಕಂತು ಕಟ್ಟುವ ಹಿಂದಿನ ರಾತ್ರಿ ಅವಳು ಎತ್ತಿಟ್ಟ ಕೂಲಿ ದುಡ್ಡಿಗೆ ಅವನು ಕೈ ಹಾಕುತ್ತಿದ್ದ. ಕೊಡದಿದ್ದರೆ ಹೊಡೆತ.

ಸಮಸ್ಯೆ

ಹೆಂಡತಿಯನ್ನು ಹೊಡೆಯುವುದು ತಪ್ಪೆಂದು ಸಭೆಯಲ್ಲಿ ಯಾರೂ ವಾದಿಸಬೇಕಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಮುಂದೇನು ಎಂಬಲ್ಲೇ ತೊಡಕಿತ್ತು. ಅದಕ್ಕೆ ಮಾರ್ತಮ್ಮನ ಮುಂದೆ ಇಬ್ಬರು ಎರಡು ಸಿದ್ಧ ಉತ್ತರ ಇಟ್ಟರು. ಸಭಾಪಾಲಕರು, ಅಂದರೆ ಸಭೆಯ ಪಾದ್ರಿ, ಸಹಿಸಿಕೋ, ಕ್ಷಮಿಸು, ಪ್ರಾರ್ಥಿಸು ಎಂದರು. ನಗರದಿಂದ ಬಂದ ಮಹಿಳಾ ತಂಡ ಮೌನ ಮುರಿ, ನಿನ್ನ ಬದುಕನ್ನು ನೀನೇ ಆರಿಸಿಕೋ, ಬೇಕಾದರೆ ಮನೆ ಬಿಡು ಎಂದಿತು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೂ ಅದು ಇನ್ನಾರದೋ ಬದುಕಿನ ಅಳತೆಗೆ ಹೊಲಿದ ಅಂಗಿಯಾಗಿತ್ತು.

ಮನೆ ಬಿಟ್ಟರೆ ಅವಳು ಕಳೆದುಕೊಳ್ಳುವುದನ್ನು ಒಂದೊಂದಾಗಿ ನೋಡಬೇಕು, ಈ ಪ್ರಕರಣದ ಗಂಟು ಅಲ್ಲೇ ಇದೆ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಣ್ಣು, ಅಂದರೆ ಅತ್ತೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬೀಳುವುದೂ ಯಜಮಾನಿಯ ಖಾತೆಗೆ. ಹೆಣ್ಣುಮಕ್ಕಳಿಗೆಂದೇ ಮಾಡಿದ ಎರಡೂ ಯೋಜನೆಗಳಲ್ಲಿ ಸೊಸೆಯ ಕೈ ಬರಿದು. ಸಾಲದ ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಅವಳು ತವರಿಗೆ ಹೋದರೆ ಹುಡುಕಿಕೊಂಡು ಬರುವವರು ಅವಳ ಜೊತೆಗೇ ಹೊಲಕ್ಕೆ ಹೋಗುವ ಅಕ್ಕತಂಗಿಯರೇ. ತವರಿನಲ್ಲಿ ಅಣ್ಣನಿಗೇ ಎರಡು ಕೋಣೆ.

ಇವೆಲ್ಲಕ್ಕಿಂತ ಭಾರವಾದದ್ದು ಜಾತಿ ಪ್ರಮಾಣಪತ್ರ. 1950ರ ಪರಿಶಿಷ್ಟ ಜಾತಿ ಆದೇಶ ಮೊದಲಿಗೆ ಹಿಂದೂಗಳಿಗಷ್ಟೇ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇಂದಿಗೂ ಹೊರಗೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹೀಗಾಗಿ ಈ ಭಾಗದ ಅನೇಕ ಮನೆಗಳಲ್ಲಿ ದಾಖಲೆಗೊಂದು ಹೆಸರು, ದೀಕ್ಷಾಸ್ನಾನಕ್ಕೊಂದು ಹೆಸರು. ಮಾರ್ತಮ್ಮನ ಮಗಳ ಹಾಸ್ಟೆಲ್ ಸೀಟು ಆ ಕಾಗದದ ಮೇಲೆ ನಿಂತಿತ್ತು. ಠಾಣೆಯಲ್ಲೋ ಕೋರ್ಟಿನಲ್ಲೋ ಚರ್ಚಿನ ಮದುವೆ ಸರ್ಟಿಫಿಕೇಟ್ ಮುಂದಿಟ್ಟರೆ ಗಂಡನ ಕಡೆಯವರೇ ಅದನ್ನು ಹಿಡಿದು ಮಗಳ ಓದಿಗೆ ಕಲ್ಲು ಹಾಕಬಹುದು ಎಂಬ ಭಯ ಅವಳದು. ಆ ಭಯಕ್ಕೆ ಬುಡವಿತ್ತು.

ಮೊದಲ ಪ್ರಯತ್ನ: ಸಭಾಪಾಲಕರ ಮಧ್ಯಸ್ಥಿಕೆ

ಹುಬ್ಬಿನ ಮೇಲೆ ಹೊಲಿಗೆ ಬಿದ್ದ ವಾರ ಸಭಾಪಾಲಕರು ಗಂಡಹೆಂಡಿರನ್ನು ಪಾದ್ರಿಮನೆಗೆ ಕರೆಸಿದರು. ಬೈಬಲಿನ ಮತ್ತಾಯ 18:22 ಓದಿದರು, ಏಳೆಪ್ಪತ್ತು ಸಾರಿ ಕ್ಷಮಿಸುವ ಮಾತು. ಗಂಡ ಅತ್ತ, ಮೊಣಕಾಲೂರಿದ, ಇನ್ನು ಕುಡಿಯುವುದಿಲ್ಲ ಎಂದ. ಪ್ರಾರ್ಥನೆಯಾಯಿತು. ಮುಂದಿನ ಭಾನುವಾರ ಅವನು ತಬಲಾದ ಮುಂದೆ ಕೂತಿದ್ದ, ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು. ತಿಂಗಳೊಳಗೆ ಮತ್ತೆ ಹೊಡೆತ ಬಿತ್ತು.

ಸಭಾಪಾಲಕರು ಕೆಟ್ಟ ಮನಸ್ಸಿನವರಲ್ಲ. ಅವರ ಕ್ರಮ ಸೋತ ಕಾರಣ ಬೇರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ದರಿಂದ ಅವಳು ಆಡಿದ ಪ್ರತಿ ಮಾತಿನ ಲೆಕ್ಕವೂ ರಾತ್ರಿಗೆ ಉಳಿಯಿತು. ಅವನ ಕಣ್ಣೀರಿಗೆ ಆ ಸಂಜೆಯೇ ಬಿಡುಗಡೆ ಸಿಕ್ಕಿತು. ಕಿತ್ತುಕೊಂಡ ಕೂಲಿ ತಿರುಗಿ ಕೊಡುವ ಮಾತು ಬರಲಿಲ್ಲ. ಕಮಿಟಿಗೆ ತಿಳಿಸುವುದು, ಮುಂದಿನ ವಾರ ಯಾರಾದರೂ ಮನೆಗೆ ಹೋಗಿ ನೋಡುವುದು, ಇವನ್ನೂ ಯಾರೂ ಯೋಚಿಸಲಿಲ್ಲ. ಕ್ಷಮೆಯ ಖರ್ಚೆಲ್ಲ ಅವಳ ತಲೆಗೆ ಬಂತು.

ಕ್ರೈಸ್ತ ಸ್ತ್ರೀವಾದಿ ನೀತಿಶಾಸ್ತ್ರ ಹುಟ್ಟಿದ್ದು ಬಹುಮಟ್ಟಿಗೆ ಇಂಥ ಜಾಗದಲ್ಲೇ. 1960ರಲ್ಲಿ ಅಮೆರಿಕದ ವ್ಯಾಲರಿ ಸೇವಿಂಗ್ ಒಂದು ಪ್ರಬಂಧದಲ್ಲಿ ನೇರವಾದ ಪ್ರಶ್ನೆಯೆತ್ತಿದರು. ದೇವಶಾಸ್ತ್ರಜ್ಞರು ಪಾಪದ ಮೂಲ ಅಹಂಕಾರ, ಅದಕ್ಕೆ ಮದ್ದು ತನ್ನನ್ನು ಬಿಟ್ಟುಕೊಡುವ ಪ್ರೀತಿ ಎನ್ನುತ್ತಾರೆ. ಇದು ಗಂಡಸಿನ ಅನುಭವದಿಂದ ಬಂದ ಮಾತು. ಮೊದಲೇ ತನ್ನನ್ನು ಕಳೆದುಕೊಂಡವಳಿಗೆ ಅದೇ ಮದ್ದು ಕೊಟ್ಟರೆ ರೋಗ ಹೆಚ್ಚುತ್ತದೆ ಎಂಬುದು ಅವರ ವಾದದ ತಿರುಳು. ಮುಂದೆ ಹಲವು ದೇಶಗಳ ಚರ್ಚುಗಳ ಒಕ್ಕೂಟವಾದ ಜಾಗತಿಕ ಸಭಾ ಮಂಡಳಿ 1988ರಿಂದ 1998ರವರೆಗಿನ ದಶಕವನ್ನು ಹೆಣ್ಣುಮಕ್ಕಳೊಂದಿಗೆ ಸಭೆಗಳು ನಿಲ್ಲುವ ದಶಕವೆಂದು ಆಚರಿಸಿತು. ನಡುವೆ ಅದರ ತಂಡಗಳು ದೇಶದೇಶಗಳ ಸಭೆಗಳಿಗೆ ಹೋಗಿ ಬಂದಾಗ ಎಲ್ಲೆಡೆ ಕೇಳಿಸಿದ್ದು ಮನೆಯೊಳಗಿನ ಹಿಂಸೆಯ ಸುದ್ದಿ. ಮಂಡಳಿಯಲ್ಲಿ ಆ ಕೆಲಸದ ಮುಂಚೂಣಿಯಲ್ಲಿದ್ದವರಲ್ಲಿ ಭಾರತದ ಅರುಣಾ ಜ್ಞಾನದಾಸನ್ ಒಬ್ಬರು.

ಎರಡನೆಯ ಪ್ರಯತ್ನ: ಕಮ್ಮಟ

ಆ ಪರಂಪರೆಯ ಕೈಪಿಡಿಯೊಂದನ್ನು ಹಿಡಿದೇ ನಗರದ ತಂಡ ಬಂದದ್ದು. ಚರ್ಚಿನ ಹಿಂದಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಇಟ್ಟು, ಗೋಡೆಗೆ ಚಾರ್ಟ್ ಅಂಟಿಸಿ, ಪ್ರತಿಯೊಬ್ಬರೂ ತಮ್ಮ ಅನುಭವ ಹೇಳಬೇಕು ಎಂದರು. ಇಪ್ಪತ್ತಾರು ಜನ ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಶಿಕ್ಷಕಿಯೊಬ್ಬರು ಪಕ್ಕದೂರಿನ ಯಾರದೋ ಕಥೆ ಹೇಳಿದರು, ಫೋಟೋ ತೆಗೆಸಿಕೊಂಡು ಮುಗಿಸಿದರು. ತಂಡದ ವರದಿಯಲ್ಲಿ ಇಲ್ಲಿನ ಹೆಂಗಸರಲ್ಲಿ ಜಾಗೃತಿ ಕಡಿಮೆ ಎಂಬ ಸಾಲು ಬಂತು.

ಆ ಸಾಲು ತಪ್ಪು. ದುಂಡಗೆ ಇಟ್ಟ ಕುರ್ಚಿಗಳಲ್ಲಿ ಯಾರು ಯಾರು ಕೂತಿದ್ದರು ಎಂದು ನೋಡಿದರೆ ಸಾಕು. ಮಾರ್ತಮ್ಮನಿಂದ ಮೂರನೆಯ ಕುರ್ಚಿಯಲ್ಲಿ ಅತ್ತೆ. ಎದುರಿಗೆ ಗಂಡನ ಚಿಕ್ಕಮ್ಮ. ಅಧ್ಯಕ್ಷತೆ ಸಭಾಪಾಲಕರ ಹೆಂಡತಿಯದು, ಅವರ ಮುಂದೆ ಆಡಿದ್ದು ಊಟದ ಹೊತ್ತಿಗೆ ಪಾದ್ರಿಮನೆಗೆ ಮುಟ್ಟುತ್ತದೆ. ಸಭೆಯೇ ನೆಂಟಸ್ತಿಕೆಯಾಗಿರುವ ಕಡೆ ಹೆಂಗಸರಷ್ಟೇ ಇರುವ ಕೋಣೆ ಎಂದ ಮಾತ್ರಕ್ಕೆ ಅದು ಸುರಕ್ಷಿತ ಕೋಣೆಯಲ್ಲ. ಇನ್ನೊಂದು ಸಂಗತಿಯನ್ನು ತಂಡ ಗಮನಿಸಲೇ ಇಲ್ಲ. ಊಟಕ್ಕೆ ಅಡುಗೆ ಮಾಡಿದ ನಾಲ್ವರು ಹೆಂಗಸರು ಸಭೆಯಲ್ಲೇ ತೀರ ಬಡವರು. ಆ ದಿನದ ಕೂಲಿ ಬಿಟ್ಟು ಬಂದ ಅವರು ಬೆಳಗಿನಿಂದ ಒಲೆಯ ಮುಂದಿದ್ದು ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ.

ಕೈಪಿಡಿಯಲ್ಲೂ ಒಂದು ಕೊರತೆಯಿತ್ತು. ಅದು ಮನೆವಾರ್ತೆಯಲ್ಲಿ ಕಳೆದುಹೋದ ಹೆಣ್ಣನ್ನು ಹೊರಗೆ ಬಾ, ದುಡಿ, ನಿನ್ನ ಕಾಲ ಮೇಲೆ ನಿಲ್ಲು ಎಂದು ಕರೆಯುತ್ತಿತ್ತು. ಈ ಹೆಂಗಸರ ಅಜ್ಜಿಯರೂ ಹೊಲದಲ್ಲಿ ದುಡಿದವರೇ. ದುಡಿಮೆಯಿಂದ ಇವರಿಗೆ ಬಿಡುಗಡೆ ಸಿಕ್ಕಿಲ್ಲ, ದುಡಿದದ್ದು ಕೈಯಲ್ಲಿ ಉಳಿಯುವುದಿಲ್ಲ ಎಂಬುದೇ ಇವರ ನೋವು. ಅಮೆರಿಕದ ಕಪ್ಪು ದೇವಶಾಸ್ತ್ರಜ್ಞೆಯರು ಬಿಳಿ ಸ್ತ್ರೀವಾದಿಗಳಿಗೆ ಹೇಳಿದ್ದೂ ಇದನ್ನೇ. ಆಯ್ಕೆಯ ಸ್ವಾತಂತ್ರ್ಯ ಎಲ್ಲರ ಕೈಯಲ್ಲೂ ಮೊದಲೇ ಇದೆ ಎಂದು ಊಹಿಸಿಕೊಂಡ ನೀತಿಶಾಸ್ತ್ರ, ಅದಿಲ್ಲದವರ ಬದುಕಿನಲ್ಲಿರುವ ಸದ್ಗುಣವನ್ನು ಕಾಣಲಾರದು ಎಂದು 1988ರಲ್ಲಿ ಕೇಟಿ ಕ್ಯಾನನ್ ವಾದಿಸಿದರು. ನಮ್ಮಲ್ಲಿ ಬೆಂಗಳೂರಿನ ರೂತ್ ಮನೋರಮಾ ಮತ್ತು ಅವರ ಸಂಗಾತಿಗಳು 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದಾಗಲೂ ಒತ್ತಿ ಹೇಳಿದ್ದು ಜಾತಿ, ವರ್ಗ, ಲಿಂಗ ಮೂರೂ ಒಟ್ಟಿಗೆ ಮೆಟ್ಟುವ ಬದುಕನ್ನು ಬೇರೆಯಾಗಿಯೇ ನೋಡಬೇಕು ಎಂಬುದನ್ನು. ಹೆಣ್ಣಿನ ಅನುಭವದಿಂದ ನೀತಿ ಹುಟ್ಟಬೇಕು ಎನ್ನುವವರು ಯಾವ ಹೆಣ್ಣು ಎಂದು ಮೊದಲು ಕೇಳಿಕೊಳ್ಳಬೇಕು. ಆ ದಿನ ಹಾಲಿನಲ್ಲಿ ಆ ಪ್ರಶ್ನೆ ಬರಲಿಲ್ಲ.

‘ನಮ್ಮ ಸಂಸ್ಕೃತಿ’ ಎಂಬ ವಾದ

ಕಮ್ಮಟ ಮುಗಿದ ವಾರವೇ ಕಮಿಟಿಯಲ್ಲಿ ಎದುರೇಟು ಬಂತು. ಹೊರಗಿನ ಹೆಣ್ಣುಮಕ್ಕಳು ಬಂದು ನಮ್ಮ ಮನೆ ಒಡೆಯುತ್ತಾರೆ, ಗಂಡನ ಮನೆ ಬಿಟ್ಟು ಬರುವುದು ನಮ್ಮ ಸಂಸ್ಕೃತಿಯಲ್ಲಿ ಇಲ್ಲ, ಇದು ಫಾರಿನ್ ವಿಚಾರ ಎಂದು ಹಿರಿಯರೊಬ್ಬರು ಎದ್ದು ಹೇಳಿದರು. ನಗರದ ತಂಡಕ್ಕೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಸಾಂಸ್ಕೃತಿಕ ಭಿನ್ನತೆಯನ್ನು ಗೌರವಿಸಬೇಕೆಂಬ ಅವರ ಒಳ್ಳೆಯ ಉದ್ದೇಶವೇ ಇಲ್ಲಿ ಅವರ ಬಾಯಿ ಕಟ್ಟಿತು.

ಉತ್ತರ ಇದ್ದದ್ದು ಸಭೆಯ ಮುದುಕಿಯರ ಬಳಿ. ಅವರಲ್ಲಿ ಇಬ್ಬರು ತಮ್ಮ ಅಜ್ಜಿಯರ ಕಾಲದ ಮಾತು ಹೇಳಿದರು. ಕೇರಿಯಲ್ಲಿ ಹೆಂಡತಿಯನ್ನು ವಿಪರೀತ ಹೊಡೆದವನನ್ನು ಕೇರಿಯ ಮುಖಂಡನಾದ ಕಟ್ಟೀಮನಿ ದೈವದ, ಅಂದರೆ ಕೇರಿಯ ಪಂಚಾಯಿತಿಯ, ಮುಂದೆ ಕರೆಸಿ ದಂಡ ಹಾಕುತ್ತಿದ್ದ. ಹೊಂದಿಕೆಯಾಗದಿದ್ದರೆ ಬಿಡುಗಡೆ ಮಾಡಿಸಿ ಹೆಣ್ಣಿಗೆ ಉಡಿಕಿ, ಅಂದರೆ ಮರುಮದುವೆ, ಮಾಡಿಕೊಡುವ ದಾರಿಯಿತ್ತು. ವಿಧವೆಗೂ ಇತ್ತು. ಬಿಡಲಾಗದ ಮದುವೆ ಈ ಕೇರಿಗಳ ಸಂಸ್ಕೃತಿಯಾಗಿರಲಿಲ್ಲ. ಅದು ಬಂದದ್ದು ಎರಡು ಕಡೆಯಿಂದ: ಒಂದು, ಮೇಲ್ಜಾತಿಯ ಮರ್ಯಾದೆಯ ಕಲ್ಪನೆ, ಇನ್ನೊಂದು, ಮಿಷನ್ ಕಾಲದ ಬ್ರಿಟಿಷ್ ಕಾನೂನು. 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಗೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಕ್ರೌರ್ಯವೊಂದೇ ಆಧಾರವಾಗಿ ಸಿಕ್ಕಿದ್ದು 2001ರ ತಿದ್ದುಪಡಿಯಿಂದ. ಹಿರಿಯರು ಫಾರಿನ್ ಎಂದದ್ದರ ಬೇರು ಊರಿನಲ್ಲೇ ಇತ್ತು, ನಮ್ಮದು ಎಂದದ್ದರ ಅರ್ಧ ಭಾಗ ಹಡಗಿನಲ್ಲಿ ಬಂದಿತ್ತು.

ಆಫ್ರಿಕಾದ ದೇವಶಾಸ್ತ್ರಜ್ಞೆಯರು ಈ ದಾರಿಯನ್ನು ಮೊದಲೇ ನಡೆದಿದ್ದಾರೆ. ಘಾನಾದ ಮರ್ಸಿ ಅಂಬಾ ಓಡುಯೋಯೆ ಮುಂದಾಳತ್ವದಲ್ಲಿ 1989ರಲ್ಲಿ ಅಕ್ರಾದಲ್ಲಿ ಸೇರಿದ ಬಳಗ ವಸಾಹತುಶಾಹಿ ಹೇರಿದ್ದನ್ನೂ ತಮ್ಮದೇ ಸಂಸ್ಕೃತಿಯಲ್ಲಿ ಹೆಣ್ಣನ್ನು ಕಟ್ಟಿಹಾಕುವುದನ್ನೂ ಒಟ್ಟಿಗೆ ಪ್ರಶ್ನಿಸಿತು. ಧರ್ಮಗ್ರಂಥವನ್ನು ಪರೀಕ್ಷಿಸಿ ಓದುವ ಹಾಗೆ ಸಂಸ್ಕೃತಿಯನ್ನೂ ಪರೀಕ್ಷಿಸಿ ಓದಬೇಕು ಎಂದು ಕೀನ್ಯಾದ ಮುಸಿಂಬಿ ಕನ್ಯೋರೊ ವಾದಿಸಿದರು. ಯಾವುದು ನಮ್ಮ ಪದ್ಧತಿ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಆ ಓದಿನೊಳಗೇ ಬರುತ್ತದೆ. ಈ ಸಭೆಯಲ್ಲಿ ಮುದುಕಿಯರು ಬಾಯಿ ತೆರೆದ ಮೇಲೆ ಸಂಸ್ಕೃತಿಯ ವಾದ ಮತ್ತೆ ಅಷ್ಟು ಗಟ್ಟಿಯಾಗಿ ಏಳಲಿಲ್ಲ.

ಮೂರನೆಯ ಪ್ರಯತ್ನ: ಹೊಲದಲ್ಲಿ ಕೇಳಿದ ಮಾತು

ಸಭೆಯ ಹೆಂಗಸರ ಸಂಘವಾದ ಸ್ತ್ರೀ ಸಮಾಜದ ಇಬ್ಬರು ಬೇರೆ ದಾರಿ ಹಿಡಿದರು. ಒಬ್ಬರು ನಿವೃತ್ತ ಎಎನ್‌ಎಂ, ಕೇರಿಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವರು, ಎಲ್ಲರೂ ನರ್ಸಮ್ಮ ಎನ್ನುತ್ತಾರೆ. ಇನ್ನೊಬ್ಬರು ಮಾರ್ತಮ್ಮನ ಜೊತೆ ಕೂಲಿಗೆ ಹೋಗುವ ವಿಧವೆ, ಗಂಡನ ಕಡೆಯ ನೆಂಟರಲ್ಲ. ತೊಗರಿ ಹೊಲದಲ್ಲಿ ಕಸ ತೆಗೆಯುವಾಗ ಸಾಲು ಹಿಡಿದು ಬಗ್ಗಿ ನಡೆಯುವ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ, ಮಾತು ತಾನಾಗಿ ಬರುತ್ತದೆ. ವಿಧವೆ ಅಲ್ಲಿ ಕೇಳಿಸಿಕೊಂಡರು. ಬಿಪಿ ನೋಡುವ ನೆಪದಲ್ಲಿ ನರ್ಸಮ್ಮ ತಮ್ಮ ಮನೆಯಲ್ಲಿ ಕೇಳಿಸಿಕೊಂಡರು. ಏನು ಮಾಡಬೇಕು ಎಂದು ಇಬ್ಬರೂ ಹೇಳಲಿಲ್ಲ; ನಿನಗೇನು ಬೇಕು ಎಂದಷ್ಟೇ ಕೇಳಿದರು.

“ಮನಿ ಬಿಡಂಗಿಲ್ರಿ. ಆ ಗ್ವಾಡಿಗಿ ಮಣ್ಣ ಹೊತ್ತಾಕಿ ನಾನೇ. ಹೊಡಿಯೋದು ನಿಲ್ಲಬೇಕು, ನನ್ನ ಕೂಲಿ ನನ್ನ ಕೈಯಾಗ ಇರಬೇಕು, ಹುಡುಗಿ ಸಾಲಿ ಬಿಡಬಾರದು. ಅವನ್ನ ಜೇಲಿಗಿ ಹಾಕೂದು ಬ್ಯಾಡ.”

ಈ ಪ್ರಕರಣದ ತಿರುವು ಇದು. ಬೇಡಿಕೆ ಮೂರು, ಒಂದು ಮಿತಿ. ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯನ್ನೂ ಇದರ ಪಕ್ಕ ಇಟ್ಟು ಅಳೆದರು. ಅವಳು ಮನೆಯಲ್ಲಿ ಉಳಿಯುತ್ತೇನೆ ಎಂದದ್ದನ್ನು ಗಂಡನಿಗೆ ಅಧೀನಳಾಗಿರುವ ಹಳೆಯ ಉಪದೇಶದ ಫಲವೆಂದು ಓದುವುದು ಸುಲಭ. ನಗರದ ತಂಡದ ಒಬ್ಬರು ಹಾಗೇ ಓದಿದರು. ಅವಳ ಮಾತಿನಲ್ಲಿ ಇರುವುದು ಹಕ್ಕಿನ ಸ್ವರ. ಗೋಡೆ ಕಟ್ಟಿದವಳು ಹೊರಗೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ತಂಡದ ಕೈಪಿಡಿಯಲ್ಲಿ ಜಾಗವೇ ಇರಲಿಲ್ಲ.

ಸ್ತ್ರೀ ಸಮಾಜದ ಬುಧವಾರದ ಕೂಟದಲ್ಲಿ ಯಾರ ಹೆಸರೂ ಎತ್ತದೆ ಎರಡು ಭಾಗ ಓದಿದರು. ಮೊದಲನೆಯದು ಆದಿಕಾಂಡ 16 ಮತ್ತು 21, ಅಬ್ರಹಾಮನ ಹೆಂಡತಿ ಸಾರಳ ದಾಸಿ ಹಾಗರಳ ಕಥೆ. ಕಪ್ಪು ಹೆಣ್ಣುಮಕ್ಕಳ ಕಣ್ಣಿನಿಂದ ಈ ಕಥೆಯನ್ನು 1993ರಲ್ಲಿ ವಿಸ್ತಾರವಾಗಿ ಓದಿದವರು ಡೆಲೋರಿಸ್ ವಿಲಿಯಮ್ಸ್. ಓಡಿಹೋದ ದಾಸಿಯನ್ನು ದೇವರು ಹಿಂದಕ್ಕೆ ಕಳಿಸುತ್ತಾನೆ. ಇದು ಬಿಡುಗಡೆಯ ಕಥೆಯಲ್ಲ, ಮರಳುಗಾಡಿನಲ್ಲಿ ನೀರು ಸಿಗುವ, ಮಗನೊಂದಿಗೆ ಬದುಕಿ ಉಳಿಯುವ ಕಥೆ ಎಂದು ಅವರು ತೋರಿಸಿದರು. ಅವಳನ್ನು ಹೊರಹಾಕಿಸಿದವಳೂ ಹೆಣ್ಣೇ ಎಂಬುದನ್ನು ಓದು ಮುಗಿಯುವ ಮೊದಲೇ ಕೂಟದ ಹೆಂಗಸರು ಹೇಳಿದರು. ಮಾರ್ತಮ್ಮನ ಅತ್ತೆ ಅಂದು ಬಂದಿದ್ದರು, ಏನೂ ಹೇಳದೆ ಎದ್ದು ಹೋದರು.

ಎರಡನೆಯದು ಮತ್ತಾಯ 18. ಸಭಾಪಾಲಕರು ಓದಿದ ಕ್ಷಮೆಯ ವಚನಕ್ಕಿಂತ ಸ್ವಲ್ಪ ಮೇಲೆ, 15ರಿಂದ 17ರಲ್ಲಿ, ಒಂದು ಕ್ರಮವಿದೆ. ತಪ್ಪು ಮಾಡಿದವನಿಗೆ ಮೊದಲು ಒಂಟಿಯಾಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು, ಸಭೆಯ ಮಾತನ್ನೂ ಕೇಳದಿದ್ದರೆ ಅವನನ್ನು ಹೊರಗಿನವನೆಂದು ಎಣಿಸು. ಕ್ಷಮೆಯ ಮಾತು ಬರುವುದು ಈ ಕ್ರಮದ ನಂತರ. ಈ ಸಭೆಯಲ್ಲಿ ನಡುವಿನ ಹೆಜ್ಜೆಗಳನ್ನೆಲ್ಲ ಹಾರಿಸಿ ನೇರ ಕ್ಷಮೆಗೆ ಹೋಗಿದ್ದರು. ಹೆಂಗಸರು ಕ್ರಮದಲ್ಲಿ ಒಂದೇ ತಿದ್ದುಪಡಿ ಮಾಡಿದರು. ಹೊಡೆಯುವವನಿಗೆ ಹೊಡೆತ ತಿನ್ನುವವಳು ಒಂಟಿಯಾಗಿ ಹೇಳುವ ಮೊದಲ ಹೆಜ್ಜೆ ಇಲ್ಲಿ ಇಲ್ಲ, ಸಾಕ್ಷಿಗಳಿಂದಲೇ ಆರಂಭ.

ಕಾನೂನಿನ ತಯಾರಿ

ಇದರ ಜೊತೆಗೇ ಕಾಗದದ ಕೆಲಸ ನಡೆಯಿತು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಹುಬ್ಬಿನ ಹೊಲಿಗೆಯ ಆಸ್ಪತ್ರೆ ಚೀಟಿ, ಇವುಗಳ ಝೆರಾಕ್ಸ್ ಎರಡು ಪ್ರತಿ ಮಾಡಿಸಿ ಒಂದನ್ನು ನರ್ಸಮ್ಮನ ಮನೆಯಲ್ಲಿ, ಇನ್ನೊಂದನ್ನು ಊರ ಹೊರಗಿನವರೊಬ್ಬರ ಬಳಿ ಇಟ್ಟರು. ಇದು ಎಷ್ಟು ಮುಖ್ಯವೆಂದು ಮುಂದೆ ಗೊತ್ತಾಯಿತು. ಹೊಡೆತ ಬಿದ್ದಾಗಲೆಲ್ಲ ಸರ್ಕಾರಿ ಆಸ್ಪತ್ರೆಗೇ ಹೋಗಬೇಕು, ಬಿದ್ದೆ ಎಂದು ಹೇಳದೆ ಹೊಡೆದರು ಎಂದೇ ಹೇಳಬೇಕು, ಎಂಎಲ್‌ಸಿ (ಕಾನೂನು ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ) ಬರೆಸಬೇಕು ಎಂದು ನರ್ಸಮ್ಮ ಮೊದಲೇ ಹೇಳಿಕೊಟ್ಟರು. ಅವಳ ಹೆಸರಿನಲ್ಲೇ ಒಂದು ಸಣ್ಣ ಉಳಿತಾಯ ಖಾತೆ ಮಾಡಿಸಿದರು, ಪಾಸ್‌ಬುಕ್ ಮನೆಗೆ ಹೋಗಲಿಲ್ಲ. ವಾರದ ಕಂತನ್ನು ಹಿಂದಿನ ರಾತ್ರಿ ಮನೆಯಲ್ಲಿಟ್ಟುಕೊಳ್ಳುವ ಬದಲು ಕೂಲಿ ಬಟವಾಡೆಯಾದ ಸಂಜೆಯೇ ಗುಂಪಿನ ಮುಖ್ಯಸ್ಥೆಯ ಕೈಗೆ ಕೊಡುವಂತೆ ಮಾಡಿದರು. ಹೊಡೆತದ ಒಂದು ನೆಪ ಅಷ್ಟರಿಂದಲೇ ಕಳೆಯಿತು.

ಯಾವ ಕಾನೂನು ಎಂಬ ನಿರ್ಧಾರದಲ್ಲಿ ಅವಳ ಮಿತಿಯೇ ದಾರಿ ತೋರಿಸಿತು. ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಡಿ, ಅಂದರೆ ಹಿಂದಿನ 498ಎ ಅಡಿ, ದೂರು ಕೊಟ್ಟರೆ ಅದು ಕ್ರಿಮಿನಲ್ ಪ್ರಕರಣ, ಬಂಧನವಾಗಬಹುದು. ಜೈಲು ಬೇಡ ಎಂದವಳಿಗೆ ಹೊಂದಿದ್ದು 2005ರ ಕೌಟುಂಬಿಕ ಹಿಂಸೆ ಕಾಯ್ದೆ. ಅದರ 17ನೆಯ ಕಲಂ ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಕೊಡುತ್ತದೆ. ಮನೆ ಅತ್ತೆಯ ಹೆಸರಿನಲ್ಲಿದ್ದರೂ ಅದು ಕೂಡಿ ಬಾಳಿದ ಮನೆಯಾಗಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 18ರಡಿ ಹಿಂಸೆ ತಡೆಯುವ ಆದೇಶ, 19ರಡಿ ವಾಸದ ಆದೇಶ, 20ರಡಿ ಹಣಕಾಸಿನ ಪರಿಹಾರ. ಆದೇಶ ಮುರಿದರೆ ಮಾತ್ರ 31ನೆಯ ಕಲಮಿನಡಿ ಅಪರಾಧ: ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೈಲಿನ ಬಾಗಿಲು ತೆರೆಯುವುದು ಅವನ ಮುಂದಿನ ನಡೆಯಿಂದಲೇ ಎಂದಾಗ ಮಾರ್ತಮ್ಮ ಒಪ್ಪಿದಳು.

ಈ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಒಂದೇ ಮನೆಯಲ್ಲಿ ಗಂಡಹೆಂಡಿರಾಗಿ ಬಾಳಿದ್ದನ್ನು ತೋರಿಸಲು ರೇಷನ್ ಕಾರ್ಡ್, ಮಕ್ಕಳ ಪ್ರಮಾಣಪತ್ರ ಸಾಕಾದವು; ಚರ್ಚಿನ ರಿಜಿಸ್ಟರ್ ಮುಟ್ಟಬೇಕಾಗಲಿಲ್ಲ. ಕಮಿಟಿಯ ಒಬ್ಬರು ಇದು ನಂಬಿಕೆಯನ್ನು ಮುಚ್ಚಿಟ್ಟ ಹಾಗಲ್ಲವೇ ಎಂದರು. ಅರ್ಜಿಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಕ್ರೈಸ್ತಳೆಂದು ಹೇಳಿಕೊಂಡರೆ ಮಗಳ ಓದೇ ನಿಲ್ಲಬಹುದಾದ ನಿಯಮವನ್ನು ಮಾಡಿದ್ದು ಅವಳಲ್ಲ, ಆ ನಿಯಮದ ಬೆಲೆಯನ್ನು ಹೊಡೆತ ತಿಂದವಳಿಂದಲೇ ವಸೂಲು ಮಾಡುವುದು ಅನ್ಯಾಯ ಎಂದು ಸ್ತ್ರೀ ಸಮಾಜ ಗಟ್ಟಿಯಾಗಿ ನಿಂತಿತು. ಅದು ಸರಿಯಾದ ನಿಲುವು.

ಇನ್ನೊಂದು ಆಕ್ಷೇಪ 1 ಕೊರಿಂಥ 6ರಿಂದ ಬಂತು, ವಿಶ್ವಾಸಿಗಳು ಲೋಕದ ನ್ಯಾಯಾಲಯಕ್ಕೆ ಹೋಗಬಾರದು ಎಂಬುದು. ಅದೇ ಅಧ್ಯಾಯದ 5ನೆಯ ವಚನದಲ್ಲಿ ಪೌಲನು ನ್ಯಾಯ ತೀರಿಸಬಲ್ಲ ಜ್ಞಾನಿ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಸಭೆಯನ್ನೇ ಕೇಳುತ್ತಾನೆ. ವರ್ಷಗಟ್ಟಲೆ ನ್ಯಾಯ ತೀರಿಸದ ಸಭೆಗೆ ಅವಳನ್ನು ತಡೆಯುವ ಅಧಿಕಾರವಿಲ್ಲ ಎಂದು ನರ್ಸಮ್ಮ ಹೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಏನಾಯಿತು

ತಾಲ್ಲೂಕಿನ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೌಟುಂಬಿಕ ಘಟನಾ ವರದಿ ಬರೆಸಿದರು. ಅರ್ಜಿ ಮ್ಯಾಜಿಸ್ಟ್ರೇಟ್ ಮುಂದೆ ಹೋಯಿತು. ನೋಟಿಸ್ ಮುಟ್ಟುವ ಮೊದಲೇ ಕಮಿಟಿಯ ಯಾರೋ ಒಬ್ಬರಿಂದ ಗಂಡನಿಗೆ ಸುದ್ದಿ ಹೋಯಿತು. ಅಂದು ರಾತ್ರಿ ಅವನು ಟ್ರಂಕು ಒಡೆದು ಕಾಗದಗಳನ್ನೆಲ್ಲ ಹೊತ್ತೊಯ್ದ, ಅವಳ ಮಣಿಕಟ್ಟಿನ ಎಲುಬು ಮುರಿಯಿತು. ಝೆರಾಕ್ಸ್ ಪ್ರತಿ ಇಲ್ಲದಿದ್ದರೆ ಅರ್ಜಿ ಅಲ್ಲೇ ಕುಂಟುತ್ತಿತ್ತು. ಎಂಎಲ್‌ಸಿ ಆಯಿತು, ಮಧ್ಯಂತರ ಆದೇಶಕ್ಕೆ ಅದೇ ಬಲವಾಯಿತು. ಸುದ್ದಿ ಹೊರಬಿದ್ದದ್ದು ಈ ಪ್ರಕರಣದ ದೊಡ್ಡ ಲೋಪ. ಕಮಿಟಿಯ ಹನ್ನೊಂದು ಜನರಿಗೆ ತಿಳಿಸುವ ಅಗತ್ಯವೇ ಇರಲಿಲ್ಲ. ನೋಟಿಸ್ ಮುಟ್ಟುವ ದಿನದವರೆಗೆ ಇಬ್ಬರಿಗೆ ಗೊತ್ತಿದ್ದರೆ ಸಾಕಿತ್ತು, ಆ ರಾತ್ರಿ ಅವಳು ನರ್ಸಮ್ಮನ ಮನೆಯಲ್ಲಿ ಮಲಗಬೇಕಿತ್ತು.

ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ತೀರಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಇಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಹಿಡಿಯಿತು. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ ಕೊಡಬೇಕು ಎಂದು ಆದೇಶವಾಯಿತು. ದುಡ್ಡು ಕೆಲವು ತಿಂಗಳು ಬಂತು, ಆಮೇಲೆ ಬಿಟ್ಟು ಬಿಟ್ಟು ಬರುತ್ತಿದೆ. ಹೊಡೆತ ನಿಂತಿತು. ಒಮ್ಮೆ ಕೈ ಎತ್ತಿದಾಗ ಮಗಳೇ 112ಕ್ಕೆ ಫೋನ್ ಮಾಡಿದಳು; ಪೊಲೀಸರು ಬಂದು ಆದೇಶದ ಪ್ರತಿ ನೋಡಿ ಎಚ್ಚರಿಸಿ ಹೋದರು.

ಸಭೆಯೂ ತನ್ನ ಪಾಲಿನದನ್ನು ಮಾಡಿತು. ತಬಲಾ ನಿಲ್ಲಿಸಿದರು, ಕರ್ತನ ಭೋಜನದಿಂದ ದೂರ ಇಟ್ಟರು. ಕಿತ್ತುಕೊಂಡ ಕೂಲಿಯನ್ನು ತಿರುಗಿ ಕೊಡುವವರೆಗೆ, ಒಂದು ವರ್ಷ ಹಿಂಸೆಯಿಲ್ಲದೆ ನಡೆದು ತೋರಿಸುವವರೆಗೆ ಎಂದು ಕಾರಣ ಸಮೇತ ನಡವಳಿ ಪುಸ್ತಕದಲ್ಲಿ ಬರೆದರು. ಅವನು ಊರಾಚೆಯ ಇನ್ನೊಂದು ಪ್ರಾರ್ಥನಾ ಮಂದಿರಕ್ಕೆ ಹೋದ, ಅಲ್ಲಿ ಮೂರನೆಯ ವಾರಕ್ಕೇ ತಬಲಾ ಸಿಕ್ಕಿತು. ಶಿಸ್ತು ಒಂದೇ ಸಭೆಯ ಗೋಡೆಯೊಳಗೆ ನಿಂತರೆ ಹೀಗಾಗುತ್ತದೆ. ಇಬ್ಬರು ಹೆಂಗಸರು ಅಲ್ಲಿನ ಪಾಸ್ಟರರನ್ನು ಕಂಡು ವಿಷಯ ತಿಳಿಸಿದರು. ಅವರು ಕೇಳಿಸಿಕೊಂಡರು, ಕ್ರಮ ಕೈಗೊಳ್ಳಲಿಲ್ಲ.

ಅತ್ತೆ ಕೋರ್ಟಿನಲ್ಲಿ ಮಗನ ಪರವೇ ಹೇಳಿದರು. ಆದರೆ ಅದೇ ಮನೆಯಲ್ಲಿ ಬ್ಯಾರೆ ಒಲಿ ಹೂಡಿಕೊಳ್ಳಲು ಮಾರ್ತಮ್ಮನಿಗೆ ಹಿಂಬದಿಯ ಪಡಸಾಲೆ ಬಿಟ್ಟುಕೊಟ್ಟರು, ರೇಷನ್ ಅಕ್ಕಿಯಲ್ಲಿ ಅವಳ ಮತ್ತು ಮಕ್ಕಳ ಪಾಲು ಅಳೆದು ಕೊಡುತ್ತಾರೆ. ಗೃಹಲಕ್ಷ್ಮಿ ಹಣದ ಮಾತು ಬಗೆಹರಿದಿಲ್ಲ. ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಕೂಲಿ ಮಾರ್ತಮ್ಮನ ಕೈಯಲ್ಲೇ ಉಳಿಯುತ್ತಿದೆ. ಅವಳು ಕೇಳಿದ ಮೂರರಲ್ಲಿ ಮೂರೂ ಸಿಕ್ಕಿವೆ ಎನ್ನಬಹುದು. ಗಂಡ ಈಗಲೂ ಕುಡಿಯುತ್ತಾನೆ, ಈಗಲೂ ಅದೇ ಸೂರಿನಡಿ ಇದ್ದಾನೆ. ಇದು ಅವಳೇ ಆರಿಸಿಕೊಂಡ ವ್ಯವಸ್ಥೆ ಎಂಬುದು ಎಷ್ಟು ನಿಜವೋ, ಬೇರೆ ಸೂರು ಇದ್ದಿದ್ದರೆ ಅವಳ ಆಯ್ಕೆ ಬೇರೆಯಾಗುತ್ತಿತ್ತೇನೋ ಎಂಬುದೂ ಅಷ್ಟೇ ನಿಜ.

ಇತರ ಸಭೆಗಳಿಗೆ ಇದರಿಂದ ಸಿಗುವುದು

ದೂರು ಬಂದರೆ ಗಂಡಹೆಂಡಿರನ್ನು ಒಟ್ಟಿಗೆ ಕೂರಿಸಬಾರದು ಎಂದು ಈ ಸಭೆ ಈಗ ನಿಯಮ ಮಾಡಿಕೊಂಡಿದೆ. ಕೇಳಿಸಿಕೊಳ್ಳುವವರು ಇಬ್ಬರು ಹೆಂಗಸರು, ಅವರಲ್ಲಿ ಕನಿಷ್ಠ ಒಬ್ಬರು ಅವಳಂತೆಯೇ ದುಡಿದು ತಿನ್ನುವವರು, ಇಬ್ಬರೂ ಗಂಡನ ಕಡೆಯ ನೆಂಟರಾಗಿರಬಾರದು. ನೂರು ಮನೆಯ ಸಭೆಯಲ್ಲಿ ಇಂಥ ಇಬ್ಬರನ್ನು ಹುಡುಕುವುದೇ ಕಷ್ಟ, ಪಕ್ಕದ ಸಭೆಯಿಂದ ಕರೆಸಿಕೊಳ್ಳಬೇಕಾಗುತ್ತದೆ. ಕಮಿಟಿಯಲ್ಲಿ ಹೆಂಗಸರ ಸಂಖ್ಯೆ ನಾಲ್ಕಕ್ಕೆ ಏರಿದೆ. ಹೊಸದಾಗಿ ಬಂದ ಮೂವರಲ್ಲಿ ಒಬ್ಬರು ಕಮ್ಮಟದ ದಿನ ಒಲೆಯ ಮುಂದಿದ್ದವರು.

ಆಮೇಲೆ ನರ್ಸಮ್ಮನ ಬಳಿಗೆ ಇನ್ನೊಬ್ಬ ಹೆಣ್ಣುಮಗಳು ಬಂದಿದ್ದಾಳೆ. ಇಪ್ಪತ್ನಾಲ್ಕರ ಪ್ರಾಯ, ಮಕ್ಕಳಿಲ್ಲ, ಗಂಡನ ಮನೆಯಲ್ಲಿ ಒಂದು ದಿನವೂ ಇರಲಾರೆ ಎನ್ನುತ್ತಾಳೆ. ಮಾರ್ತಮ್ಮ ಇದ್ದು ಗೆದ್ದಳಲ್ಲ, ನೀನೂ ಇರು ಎಂದು ಕೆಲವರು ಆಗಲೇ ಅವಳಿಗೆ ಹೇಳತೊಡಗಿದ್ದಾರೆ. ಹಾಗೆ ಹೇಳಿದರೆ ಒಬ್ಬಳ ಅನುಭವವನ್ನು ಎಲ್ಲರ ತಲೆಗೆ ಕಟ್ಟಿದಂತಾಗುತ್ತದೆ, ಕಮ್ಮಟದಲ್ಲಿ ಆದ ತಪ್ಪು ತಿರುಗಿ ಆಗುತ್ತದೆ. ಇವಳಿಗೆ ಬೇಕಾದದ್ದು ಸೂರು. ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ಸಾಮಾನ್ಯವಾಗಿ ಐದು ದಿನ ಇರಬಹುದು, ಆರನೆಯ ದಿನ ಎಲ್ಲಿ ಎಂಬುದಕ್ಕೆ ಸಭೆಯ ಬಳಿ ಉತ್ತರವಿಲ್ಲ. ಪಾದ್ರಿಮನೆಯ ಪಕ್ಕದ ಖಾಲಿ ಕ್ವಾರ್ಟರ್ಸನ್ನು ಇಂಥವರಿಗೆ ಬಿಡಬೇಕು, ಮೊದಲ ಮೂರು ತಿಂಗಳ ಸಾಲದ ಕಂತನ್ನು ಸ್ತ್ರೀ ಸಮಾಜದ ಕಾಣಿಕೆಯಿಂದ ತುಂಬಬೇಕು ಎಂಬ ಗೊತ್ತುವಳಿ ಕಮಿಟಿಯ ಮುಂದಿದೆ. ಇನ್ನೂ ಮತಕ್ಕೆ ಹಾಕಿಲ್ಲ.